ಗುಂಡಯ್ಯ ನುಡಿದ ಸಾಕ್ಷಿ

"ಏಯ್, ಕಿವಿ ಬಿಡೋ! ಕಿವಿ ಮುಚ್ಕೊಂಡು ನಿಂತ್ಕೊಳ್ಳೋಕೆ ಇದೇನು ನಿಮ್ಮ ಕೇರಿಯಾ?"

ಹಾಸನದ ಕೋರ್ಟಿನ ಜವಾನ, ಕಟಕಟೆಯಲ್ಲಿ ನಿಂತಿದ್ದ ಗುಂಡಯ್ಯನ ಎರಡೂ ಕೈಗಳನ್ನು ಹಿಡಿದು ಕೆಳಗೆಳೆದ. ಗುಂಡಯ್ಯ ಮತ್ತೆ ಮುಚ್ಚಿಕೊಂಡ. ತಲೆಯ ಮೇಲೆ ಫ್ಯಾನು ಕಿರುಗುಡುತ್ತಿತ್ತು. ಯಾರೋ ನಕ್ಕರು.

ನಾನು ಲಕ್ಕಮ್ಮ, ಅವನ ತಂಗಿ. ಅಣ್ಣನಿಗೆ ಆಗ ಮೂವತ್ತೊಂದು. ಹಳ್ಳಿಮೈಸೂರಿನ ಹತ್ತಿರ ನಂಜಪ್ಪನ ಹೊಲಕ್ಕೆ ನಾವು ಆಲೂಗಡ್ಡೆ ಕೀಳುವ ಕೂಲಿಗೆ ಹೋಗುತ್ತಿದ್ದೆವು. ದಪ್ಪ, ಸಣ್ಣ, ಕೊಳೆತದ್ದು ಎಂದು ಗೆಡ್ಡೆ ಆರಿಸುತ್ತ ಕೂತರೆ ಸಂಜೆಯವರೆಗೂ ಅವನ ಕೈ ಒಂದೂ ತಪ್ಪುತ್ತಿರಲಿಲ್ಲ. ಮಾತು ಮಾತ್ರ ಬೇರೆ. "ಉಂಡ್ಯಾ?" ಅಂದರೆ "ಉಂಡ್ಯಾ" ಅನ್ನುತ್ತಿದ್ದ. ಊರವರು ಪೆದ್ದ ಅಂದರು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಮಾತ್ರ, "ಇದಕ್ಕೆ ಆಟಿಸಂ ಅಂತಾರಮ್ಮ, ಅವನು ಪೆದ್ದ ಅಲ್ಲ" ಎಂದು ಕೋರ್ಟಿಗೊಂದು ಚೀಟಿ ಬರೆದುಕೊಟ್ಟಿದ್ದರು. ಗದ್ದಲವಿಲ್ಲದ ಕಡೆ ಕೇಳಿ, ನಿಧಾನವಾಗಿ ಕೇಳಿ, ಮನೆಯವರೊಬ್ಬರು ಪಕ್ಕದಲ್ಲಿರಲಿ ಎಂದು. ಸರ್ಕಾರಿ ವಕೀಲರು ಅದನ್ನು ಓದದೆಯೇ ಫೈಲಿಗೆ ಸೇರಿಸಿದ್ದರು.

ಅದಕ್ಕೂ ಎರಡು ವರ್ಷದ ಹಿಂದೆ, ಬಿಸಿಲಿಗೆ ಬಾಯಾರಿ ನಮ್ಮವ್ವ ದೊಡ್ಡತಾಯಮ್ಮ ನಂಜಪ್ಪನ ಪಂಪ್‌ಸೆಟ್ ಮನೆಯಲ್ಲಿದ್ದ ಕುಡಿಯುವ ನೀರಿನ ಕೊಡ ಮುಟ್ಟಿದ್ದಳು. ಅವನು ಗುದ್ದಲಿಯ ಕಾವಿನಿಂದ ಹೊಡೆದ. ಬಲಗೈ ಮುರಿಯಿತು. ಕಂಡ ನಾಲ್ವರು ಕೂಲಿಯವರು ಕೋರ್ಟಿನಲ್ಲಿ "ನಾವು ಕಂಡಿಲ್ಲ ಸಾ" ಅಂದುಬಿಟ್ಟರು. ನಾನು ಅವತ್ತು ಹೊಲಕ್ಕೆ ಹೋಗಿರಲಿಲ್ಲ. ಅವ್ವನ ಮಾತಿಗೆ ಸಾಕ್ಷಿಯಾಗಿ ಉಳಿದವನು ಗುಂಡಯ್ಯನೊಬ್ಬನೇ.

ನಂಜಪ್ಪನ ವಕೀಲ ಗಂಗಾಧರಯ್ಯ ಎದ್ದರು.

"ನಿಮ್ಮವ್ವ ಎಡವಿ ಬಿದ್ದು ಕೈ ಮುರ್ಕೊಂಡ್ಲು."

"ಮುರ್ಕೊಂಡ್ಲು."

"ನಂಜಪ್ಪನೋರು ಅಲ್ಲಿರ್ಲೇ ಇಲ್ಲ."

"ಇರ್ಲೇ ಇಲ್ಲ."

"ನೀವು ಸುಳ್ಳು ಕೇಸು ಹಾಕಿದ್ದೀರಿ."

"ಹಾಕಿದ್ದೀರಿ."

ಜಡ್ಜ್ ಹೇಳುತ್ತ ಹೋದರು, ಟೈಪಿಸ್ಟ್ ಬಡಿಯುತ್ತ ಹೋದಳು: ನನ್ನ ತಾಯಿ ಎಡವಿ ಬಿದ್ದಿದ್ದು ನಿಜ. ಆರೋಪಿ ಸ್ಥಳದಲ್ಲಿರಲಿಲ್ಲ. ಇದು ಸುಳ್ಳು ಕೇಸು.

ನನಗೆ ತಡೆಯಲಾಗಲಿಲ್ಲ. "ನಮ್ಮಣ್ಣ ವಪ್ಕೊಂತಿಲ್ಲ ಸಾ! ನೀವಂದುದ್ನೇ ಅಂತಾವ್ನೆ. ನೀನು ಲಾಯರ್ರಾ ಅಂತ ಕೇಳಿ, ಅದ್ಕೂ ಲಾಯರ್ರಾ ಅಂತಾನೆ!"

"ಲಾಯರ್ರಾ ಅಂತಾನೆ" ಅಂದ ಗುಂಡಯ್ಯ.

ಎಲ್ಲರೂ ನಕ್ಕರು. ಜಡ್ಜ್ ಮೇಜು ತಟ್ಟಿದರು. "ಕೂತ್ಕೊಳಮ್ಮ, ಇಲ್ಲಾಂದ್ರೆ ಹೊರಗೆ ಕಳಿಸ್ತೀನಿ."

ಆರೋಪಿಯ ಜಾಗದಿಂದ ನಂಜಪ್ಪ ಗೊಣಗಿದ: "ಇವ್ಳ್ಗೂ ಎರಡು ಬುಡ್ಬೇಕಿತ್ತು ಕಣ."

ಆ ದನಿ ಕಿವಿಗೆ ಬಿದ್ದದ್ದೇ ಗುಂಡಯ್ಯ ಕೈ ತೆಗೆದ. ಅವನ ಬಾಯಿಂದ ನಂಜಪ್ಪನ ಗಂಟಲೇ ಹೊರಟಿತು: "ನನ್ ಕೊಡ ಮುಟ್ಬುಟ್ಯೇನೇ ವಲ್ಗೇರಿ ಮುಂಡೆ! ಯಾವ್ ಕೈಲಿ ಮುಟ್ದೆ? ಈ ಕೈಲಾ? ತಗಾ!"

ಆಮೇಲೆ ನಾಲಿಗೆಯಲ್ಲಿ ಟಕ್ ಎಂದು ಒಂದು ಸದ್ದು ಮಾಡಿದ. ಆಮೇಲೆ ಅವ್ವನ ದನಿ: "ಅಯ್ಯೋ, ಬುಡಪ್ಪೋ! ಗುಂಡನ್ ಮುಂದೆ ವಡೀಬ್ಯಾಡಪ್ಪೋ!"

ಹಿಂದಿನ ಬೆಂಚಿನಲ್ಲಿ ಅವ್ವ ಸೊಟ್ಟಗೆ ಕೂಡಿಕೊಂಡಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಹಾಗೆ ಬೇಡಿಕೊಂಡಿದ್ದನ್ನು ಅವಳು ನನಗೂ ಹೇಳಿರಲಿಲ್ಲ.

"ಇದು ನನ್ನ ಪ್ರಶ್ನೆಗೆ ಉತ್ತರ ಅಲ್ಲ ಸ್ವಾಮಿ" ಎಂದರು ಗಂಗಾಧರಯ್ಯ. "ಬರೆಸಬಾರದು."

ಸರ್ಕಾರಿ ವಕೀಲರು ತಲೆ ಎತ್ತಲಿಲ್ಲ. ಜಡ್ಜ್ ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ, "ಟೈಪಾಗಿರೋದಕ್ಕೆ ಹೆಬ್ಬೆಟ್ಟು ಹಾಕಿಸಿ" ಅಂದರು.

ಜವಾನ ಗುಂಡಯ್ಯನ ಹೆಬ್ಬೆರಳನ್ನು ಇಂಕಿನ ಪ್ಯಾಡಿಗೆ ಒತ್ತಿದ. ಪರರು ಮುಟ್ಟಿದರೆ ಅವನಿಗೆ ಆಗದು. ನಾನು ಕಟಕಟೆ ಹತ್ತಿದೆ. ಅವನನ್ನು ಹಿಡಿಯಲಿಲ್ಲ, ಸುಮ್ಮನೆ ಕೈ ಚಾಚಿ ನಿಂತೆ. ಗುಂಡಯ್ಯ ಜವಾನನಿಂದ ಕೈ ಕಿತ್ತುಕೊಂಡು, ಮುಷ್ಟಿ ಕಟ್ಟಿ, ತಾನೇ ತಂದು ನನ್ನ ಅಂಗೈಯಲ್ಲಿಟ್ಟ. ಎರಡೂ ಕೈಯಿಂದ ಬಿಗಿಯಾಗಿ ಮುಚ್ಚಿದೆ.

"ಆಕಕಿಲ್ಲ" ಅಂದೆ. "ಅವ್ನಂದುದ್ನ ನೀವು ಬರ್ದಿಲ್ಲ. ಅವ್ನು ಅನ್ನದೆ ಇರಾದ್ಕೆ ಎಬ್ಬೆಟ್ಟು ಆಕಕಿಲ್ಲ."

"ಆಕಕಿಲ್ಲ" ಅಂದ ಗುಂಡಯ್ಯ.

ಗಂಗಾಧರಯ್ಯ ಪೊಲೀಸರನ್ನು ಕರೆಯಿರಿ ಎಂದು ಕೂಗಿದರು. ಇಬ್ಬರು ಪೇದೆಗಳು ಬಂದು ಕಟಕಟೆಯ ಕೆಳಗೆ ನಿಂತು, ಯಾರನ್ನು ಮೊದಲು ಎಳೆಯುವುದು ಎಂದು ಜಡ್ಜ್ ಮುಖ ನೋಡಿದರು. ಜಡ್ಜ್ ಟೈಪಾದ ಹಾಳೆಯ ಕೊನೆಗೆ ಉಳಿದಿದ್ದ ಖಾಲಿ ಜಾಗವನ್ನೇ ನೋಡುತ್ತಿದ್ದರು.