ಸೌಟಿನ ಕೆಂಪು ದಾರ

ಮುತ್ತಿಡುವ ಮೊದಲು ಗಂಡಸರು ಏನೇನೋ ಪಿಸುಗುಡುತ್ತಾರೆ ಎಂದು ಟೈಲರಮ್ಮ ಕೇಳಿದ್ದಳು. ಗಡಿಯಾರ ರಿಪೇರಿಯವನು ಮಾತ್ರ, "ಟೀ ಜೊತೆ ಏನು ತಿಂದೆ?" ಎಂದ.

"ಬಿಸ್ಕೆಟ್."

"ಹಾಗಾದ್ರೆ ಹಲ್ಲುಜ್ಜಿ ಬಾ ತಾಯಿ."

ಅವನಿಗೆ ಸೀಲಿಯಾಕ್ ಕಾಯಿಲೆ. ಗೋಧಿಯ ಚೂರು ಒಳಹೋದರೂ ಮೂರು ದಿನ ಹಾಸಿಗೆ. ನಲವತ್ತೆರಡಕ್ಕೆ ಹೀಗೂ ಒಂದು ಪ್ರೇಮವೇ ಎಂದು ನಕ್ಕು, ಅವಳು ಅವನ ಬಚ್ಚಲಲ್ಲಿ ತನ್ನದೊಂದು ಬ್ರಷ್ ಇಟ್ಟಳು.

ನಗು ಬಾರದ್ದು ಅಡುಗೆಮನೆಯಲ್ಲಿ. ಅಲ್ಲಿ ಎರಡು ಮರದ ಸೌಟು. ಹಿಡಿಗೆ ಕೆಂಪು ದಾರ ಸುತ್ತಿದ್ದು ಅವನದು. ಬರಿಯದು, ಗೋಧಿ ಗಂಜಿ ಬಿಡಲೊಲ್ಲದ ಅವನಪ್ಪನದು.

"ಯಾರು ಸುತ್ತಿದ್ದು?"

"ಅವಳೇ," ಎಂದ. ಬಿಟ್ಟುಹೋಗಿ ನಾಲ್ಕು ವರ್ಷವಾದ ಹೆಂಡತಿ.

ಅವಳದೊಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. ದಾರ ಮಾತ್ರ ಇತ್ತು, ಎಳೆಯ ಮೇಲೆ ಎಳೆ ಏರದ ಹಾಗೆ ಒತ್ತೊತ್ತಾಗಿ. ಅಷ್ಟು ತಾಳ್ಮೆ ಎಲ್ಲಿಂದ ಬರುತ್ತದೆ ಎಂದು ಇಪ್ಪತ್ತು ವರ್ಷ ಸೂಜಿ ಹಿಡಿದವಳಿಗೆ ಹೇಳಿಕೊಡಬೇಕೆ? ಅವನು ಆ ಸೌಟಿನಿಂದಲೇ ಬಡಿಸಿದಾಗಲೆಲ್ಲ ಅವಳು ತುತ್ತು ಬಿಟ್ಟು ಆ ಸುತ್ತುಗಳನ್ನೇ ಎಣಿಸುತ್ತಿದ್ದಳು.

ಒಂದು ಭಾನುವಾರ ಅವನು ಸ್ನಾನಕ್ಕೆ ಹೋದಾಗ ಚೀಲದಿಂದ ಕತ್ತರಿ ತೆಗೆದಳು. ಕೆಂಪು ಹೋಯಿತು, ಅವಳ ಹಸಿರು ಬಂತು.

ಮರುದಿನ ಮಧ್ಯಾಹ್ನ ಫೋನು. "ಹಸಿರು ನಿಂದೇನಾ? ಚೆನ್ನಾಗಿದೆ."

ಆ ಇಡೀ ಮಧ್ಯಾಹ್ನ ಅವಳ ಹೊಲಿಗೆ ಮೆಷಿನ್ ನೆಲದ ಮೇಲಿರಲಿಲ್ಲ. ಸಂಜೆ ಹೋದರೆ ಅವನು ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗಿದ್ದ.

ಬಾಗಿಲಲ್ಲಿ ಅಪ್ಪ ಕೈ ಹಿಸುಕಿಕೊಳ್ಳುತ್ತಿದ್ದರು. "ಕೆಂಪು ಇದ್ದದ್ದನ್ನ ಮುಟ್ಟಬೇಡಿ ಮಾವ ಅಂತ ಸೊಸೆ ಹೇಳಿಕೊಟ್ಟಿದ್ಲಮ್ಮ. ಬೆಳಿಗ್ಗೆ ಎರಡರಲ್ಲೂ ಕೆಂಪು ಇರ್ಲಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಗಂಜಿ ತಿರುವಿದೆ."

ಅವಳು ಮಂಚದ ಅಂಚಿನಲ್ಲಿ ಕೂತಳು. "ನಾನೇ ಕತ್ತರಿಸಿದ್ದು. ಹೊಟ್ಟೆಕಿಚ್ಚಿಗೆ."

"ಕಿಚ್ಚು ನಿಂದು, ಹೊಟ್ಟೆ ನಂದಾ?" ಗೋಡೆ ಕಡೆ ತಿರುಗಿಯೇ ಕೇಳಿದ. ಆಮೇಲೆ, "ನಾನೂ ನೋಡಿ ಸುಮ್ಮನಿದ್ದೆ. ಅಪ್ಪನಿಗೆ ಒಂದು ಮಾತು ಹೇಳಬೇಕಿತ್ತು," ಎಂದ. ಆದರೆ ಕೈ ಚಾಚಲಿಲ್ಲ.

ಮಾರನೆಯ ದಿನ ಹೊಸ ಸೌಟು, ಕೆಂಪು ದಾರದ ಉಂಡೆ ತಂದು ಅಪ್ಪನ ಎದುರೇ ಕೂತು ಸುತ್ತಿದಳು. ಮುದುಕರು ಹಿಡಿಯ ಮೇಲೆ ಹೆಬ್ಬೆರಳಾಡಿಸಿದರು.

"ಚೆನ್ನಾಗಿದೆ. ಅವಳು ಸುತ್ತಿದ್ದು ಇನ್ನೂ ಬಿಗಿ ಇತ್ತು."

ಒಳಗಿನ ಕೋಣೆಯಿಂದ ಅವನ ನಗು ಕೇಳಿಸಿತು, ಹಾಸಿಗೆ ಹಿಡಿದ ಮೇಲೆ ಮೊದಲನೆಯದು. ಅವಳು ನಗಲಿಲ್ಲ. ದಾರವನ್ನೆಲ್ಲ ಬಿಚ್ಚಿ, ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಮತ್ತೆ ಮೊದಲಿನಿಂದ ಸುತ್ತತೊಡಗಿದಳು.