ನಾಲ್ಕು ಬೆರಳು ಮಣ್ಣು

ಗಣಿ ಮುಚ್ಚಿದ ಮೇಲೆ ಕಂಪನಿಯವರು ಹೊಂಡ ತುಂಬಿಸಿ ಹೊಲವನ್ನು ಅದರ ಒಡತಿಗೆ ಮರಳಿಸಿದ್ದರು. ಎರಡು ವರ್ಷ ಬಿತ್ತಿದರೂ ಪೈರು ಮೊಣಕಾಲೆತ್ತರ ದಾಟಲಿಲ್ಲ. ‘ಮಣ್ಣು ಸರಿಯಾಗಿದೆ’ ಎಂಬ ಪತ್ರಕ್ಕೆ ಸಹಿ ಹಾಕಬೇಕಿದ್ದ ಮಣ್ಣು ಪರೀಕ್ಷಕಿ, ಕಂಪನಿ ಕಳಿಸಿದ ಮಾದರಿಗಳನ್ನು ನಂಬದೆ ತಾನೇ ಹೊಲಕ್ಕೆ ಬಂದಳು.

ಅವಳು ಸಲಾಕೆ ಹಿಡಿದದ್ದೇ ತಡ, ಕಂಪನಿಯ ಎಂಜಿನಿಯರ್ ಅಡ್ಡ ಬಂದ. "ಮೇಲಿನ ನಾಲ್ಕು ಬೆರಳು ತಗೊಂಡ್ರೆ ಸಾಕು ಮೇಡಂ. ನಿಯಮದಲ್ಲಿ ಅಷ್ಟೇ ಇರೋದು."

"ಬೇರಿಗೆ ನಿಮ್ಮ ನಿಯಮ ಗೊತ್ತಿಲ್ವಲ್ಲ," ಎಂದು ಅವಳು ಸಲಾಕೆ ಒತ್ತಿದಳು. ಒಂದು ಗೇಣು ಇಳಿಯುವ ಮೊದಲೇ ಅದು ಬಡಿದು ನಿಂತಿತು. ಇನ್ನೂ ಆರು ಕಡೆ ಅದೇ ಕತೆ. ತೆಳು ಮಣ್ಣಿನ ಕೆಳಗೆ ಗಣಿಯ ಕಲ್ಲುಪುಡಿ ಲಾರಿಗಳ ಭಾರಕ್ಕೆ ಸಿಮೆಂಟಿನಂತೆ ಗಟ್ಟಿಯಾಗಿತ್ತು.

ಪಕ್ಕದಲ್ಲೇ ನಿಂತಿದ್ದ ಒಡತಿ ಎಂಜಿನಿಯರ್ ಕಡೆ ತಿರುಗಿದಳು. ದನಿ ಏರಲಿಲ್ಲ. "‘ನಿಂಗೆ ಬೇಸಾಯ ಮರ್ತುಹೋಗಿದೆ’ ಅಂತ ನಂಗೆ ಅಂದ್ಯಲ್ಲಪ್ಪ. ನಾನೂ ನಂಬ್ಬಿಟ್ಟೆ. ಎರಡು ವರ್ಷ ನನ್ನನ್ನೇ ಬೈಕೊಂಡೆ."

ಪರೀಕ್ಷಕಿ ಪತ್ರಕ್ಕೆ ಅಡ್ಡಗೆರೆ ಎಳೆದು, ಗಣಿ ಅಗೆಯುವಾಗ ಎತ್ತಿಟ್ಟಿದ್ದ ಮೇಲ್ಮಣ್ಣನ್ನು ಪೂರ್ತಿ ಹಿಂದಕ್ಕೆ ಹಾಕಬೇಕೆಂದು ಬರೆದಳು.

"ಅದು ಈಗಿಲ್ಲ ಮೇಡಂ. ಕಚೇರಿ ಹುಲ್ಲುಹಾಸಿಗೆ, ಸಾಹೇಬ್ರ ತೋಟಕ್ಕೆ ಹಾಕಿದ್ದೀವಿ."

"ಅಗೆದು ತನ್ನಿ," ಎಂದಳು ಒಡತಿ.

ಮುಂದಿನ ವಾರ ಲಾರಿಗಳು ಬಂದವು. ಒಡತಿ ಪ್ರತಿ ಲಾರಿಯ ಮಣ್ಣನ್ನೂ ಕೈಯಲ್ಲಿ ಹಿಸುಕಿ ನೋಡಿದ ಮೇಲೆಯೇ ಇಳಿಸಲು ಬಿಟ್ಟಳು.