ಮುದ್ದಯ್ಯನ ಮನೆಯ ತುಳಸಿಮಾಲೆ

ನಾನು ಒಂದು ತುಳಸಿಮಣಿಯ ಮಾಲೆ. ಒಣಗಿದ ತುಳಸಿಕಾಂಡವನ್ನು ತುಂಡರಿಸಿ, ಉಜ್ಜಿ, ಕಾದ ಸೂಜಿಯಿಂದ ತೂತು ಕೊರೆದು ನನ್ನನ್ನು ಪೋಣಿಸಿದರು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ ಮುದ್ದಯ್ಯನ ಕೊರಳಿಗೆ ಗುರುಸ್ವಾಮಿಗಳು ನನ್ನನ್ನು ಹಾಕಿದರು.

ಶಬರಿಮಲೆಯ ವ್ರತ ಮುಗಿಯುವವರೆಗೆ ಮುದ್ದಯ್ಯ ಬಾಟಲಿ ಮುಟ್ಟಲಿಲ್ಲ. ಮಾಲೆ ಹಾಕಿದವನನ್ನು ಎಲ್ಲರೂ ಸ್ವಾಮಿ ಎನ್ನಬೇಕು. ಹೆಂಡತಿ ಹೊನ್ನಮ್ಮನೂ ಹಾಗೆಯೇ ಕರೆದಳು. ಬೆಟ್ಟದಿಂದ ಬಂದ ದಿನ ನನ್ನನ್ನು ಬಿಚ್ಚಿ ಕುಂಕುಮದ ಡಬ್ಬಿಯಲ್ಲಿಟ್ಟರು. ಅಂದೇ ಸಂಜೆ ಅವನು ಕುಡಿದು ಬಂದದ್ದು ಡಬ್ಬಿಯೊಳಗಿದ್ದ ನನಗೂ ಕೇಳಿಸಿತು. ಪ್ರತಿ ವರ್ಷವೂ ಇದೇ. ಒಂದು ಕಾರ್ತಿಕದಲ್ಲಿ ಡಬ್ಬಿ ತೆರೆಯಲಿಲ್ಲ. ಹೊಟ್ಟೆ ಊದಿಕೊಂಡು ಮುದ್ದಯ್ಯ ತೀರಿಹೋಗಿದ್ದ.

ಸೂತಕದ ವರ್ಷ ಕಳೆದ ಮೇಲೆ ನಾನು ಮಗ ಕೆಂಪರಾಜುವಿನ ಕೊರಳಿಗೆ ಬಂದೆ. ಅವನೂ ಅಪ್ಪನ ಹಾದಿಯಲ್ಲೇ ಇದ್ದ. ಯಾತ್ರೆ ಮುಗಿದು ಗುರುಸ್ವಾಮಿಗಳು ನನ್ನನ್ನು ಬಿಚ್ಚಲು ಕೈಚಾಚಿದಾಗ ಹೊನ್ನಮ್ಮ ತಡೆದಳು.

"ಬಿಚ್ಬ್ಯಾಡಿ ಗುರುಸ್ವಾಮಿ. ಇವರಪ್ಪ ಬಿಚ್ಚಿದ ಸಂಜೇನೇ ಕುಡಿಯಾಕೆ ಹೋಗ್ತಿದ್ದ. ಇದು ಇವನ ಕತ್ತಲ್ಲೇ ಇರ್ಲಿ."

ನಾನು ಅವನ ಕೊರಳಲ್ಲಿ ಸಿಕ್ಕಿಕೊಂಡೆ, ಅವನು ನನ್ನೊಳಗೆ. ಬೇಸಿಗೆಯಲ್ಲೂ ಕಪ್ಪು ಪಂಚೆ. ರಾತ್ರಿ ಬೆವರುತ್ತಾ ನನ್ನನ್ನು ಹಿಡಿದೆಳೆಯುತ್ತಿದ್ದ. ಮತ್ತೆ ಹೆದರಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಕಡೆಗೊಂದು ಸಂಜೆ ನನ್ನನ್ನು ಕಳಚಿ ಅಂಗಿಯ ಜೇಬಿಗೆ ತುರುಕಿ ವೈನ್ ಶಾಪಿಗೆ ಹೋದ.

"ಬರ್ಬೇಕು ಸ್ವಾಮಿಗಳು, ಪಾನಕ ತರ್ಸ್ಲಾ?" ಎಂದು ಜೊತೆಗಾರನೊಬ್ಬ ನಕ್ಕ. ಲೋಟ ಅಲುಗಿ ಜೇಬೂ ನೆನೆಯಿತು, ನಾನೂ ನೆನೆದೆ. ಮನೆಗೆ ಹೊರಡುವಾಗ ಅವನು ನನ್ನನ್ನು ಮತ್ತೆ ಕೊರಳಿಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಪೂಜೆಯ ಹೊತ್ತಿಗೆ ಹೊನ್ನಮ್ಮ ಎಂದಿನಂತೆ ನನ್ನನ್ನು ಕಣ್ಣಿಗೊತ್ತಿಕೊಂಡಳು. ಕೂಗಾಡಲಿಲ್ಲ.

"ನಿಮ್ಮಪ್ಪನ ವಾಸ್ನೆ," ಎಂದಳು ಅಷ್ಟೆ.

ಅಂದೇ ಅವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕುಡಿತ ಬಿಡಬೇಕೆನ್ನುವವರ ಮಾತು ಕೇಳುವ ಸುನಂದಾ ಮೇಡಂ ಅಲ್ಲಿದ್ದರು.

"ವ್ರತದಲ್ಲಿ ಹೇಗೆ ತಡ್ಕೊಂಡ್ರಿ ಕೆಂಪರಾಜು?"

"ಎಲ್ರೂ ಸ್ವಾಮಿ ಅಂತಿದ್ರು ಮೇಡಂ. ಬಿಚ್ಚಿದ್ರೆ ಮತ್ತೆ ಕುಡುಕ ಕೆಂಪಾನೇ ಅಲ್ವಾ."

"ಇಲ್ಲಿ ಕುಡುಕ ಅಂತ ಯಾರೂ ಕರೆಯಲ್ಲ. ಮಾಲೆ ಇದ್ರೂ ಬನ್ನಿ, ಇಲ್ದಿದ್ರೂ ಬನ್ನಿ. ತಪ್ಪಿ ಕುಡಿದ್ರೆ ಮಾರನೇ ದಿನ ಖಂಡಿತ ಬನ್ನಿ. ಕೈ ನಡುಕಕ್ಕೆ ಡಾಕ್ಟರಿಗೂ ತೋರಿಸೋಣ."

ಹೊನ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅವರಪ್ಪಂಗೆ ಈ ಮಾತು ಯಾರೂ ಹೇಳ್ಲಿಲ್ವಲ್ಲ ತಾಯಿ."

ಮನೆಗೆ ಬಂದು ದೀಪ ಹಚ್ಚಿ, ಶರಣು ಹೇಳಿ, ಅವಳೇ ನನ್ನನ್ನು ಬಿಚ್ಚಿದಳು.

ಈಗ ನನ್ನ ದಾರ ಸವೆದಿದೆ. ದೇವರ ಪಟದ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದೇನೆ. ಕೆಂಪರಾಜು ನಡುವೆ ಒಮ್ಮೆ ಜಾರಿದ. ಮಾರನೇ ದಿನ ತಲೆತಗ್ಗಿಸಿಕೊಂಡೇ ಮೇಡಂ ಹತ್ತಿರ ಹೋದ. ಪ್ರತಿ ಸೋಮವಾರ ಬರಿಗೊರಳಲ್ಲಿ ಹೋಗುತ್ತಾನೆ. ದಾರಿಯಲ್ಲಿ ಆ ಅಂಗಡಿ ಇನ್ನೂ ಇದೆ. ಮೊಳೆಯಲ್ಲಿರುವ ನನಗೆ ಅದು ಕಾಣದು. ಅವನು ಬರುವ ತನಕ ಅವನ ಹೆಜ್ಜೆಗೆ ಕಿವಿಗೊಟ್ಟಿರುತ್ತೇನೆ.

ಅವನು ಹೊರಡುವಾಗ ಹೊನ್ನಮ್ಮ ಬಾಗಿಲವರೆಗೆ ಬರುತ್ತಾಳೆ. "ಊಟದ ಹೊತ್ತಿಗೆ ಬಂದ್ಬಿಡಿ ಸ್ವಾಮಿ," ಎನ್ನುತ್ತಾಳೆ.

ಮಾಲೆಯಿಲ್ಲದ ಕೊರಳಿಗೆ ಆ ಹೆಸರು ಸಲ್ಲದು ಎಂದು ಬಲ್ಲವರು ಹೇಳಬಹುದು. ನನ್ನದೇನೂ ಅಡ್ಡಿಯಿಲ್ಲ.